ಬಿಬಿಎ ಮಕ್ಕಳಿಗೆ ಗೋದಾಮಿನ ಬಾಗಿಲು ತೆರೆಯಿರಿ

ಇವತ್ತು ಕಮಲಾಪುರದ ಕಡೆ ಹೋಗೋಣ. ಕೆಂಬಾಳೆಯ ಕಮಲಾಪುರ ಅಲ್ಲ, ಅದು ಕಲಬುರಗಿ ಜಿಲ್ಲೆಯದು. ನಾನು ಹೇಳ್ತಿರೋದು ವಿಜಯನಗರ ಜಿಲ್ಲೆಯ, ಹಂಪಿ ಪಕ್ಕದ ಕಮಲಾಪುರ.

ಈ ಊರಿನ ಸುತ್ತ ಒಮ್ಮೆ ಕಣ್ಣಾಡಿಸಿ. ಒಂದು ಕಡೆ ಪುರಾತತ್ವ ಮ್ಯೂಸಿಯಂ, ಝೂ, ಹೋಟೆಲು, ರೆಸಾರ್ಟು. ಇನ್ನೊಂದು ಕಡೆ ಬಾಳೆ, ಕಬ್ಬು, ಭತ್ತ. ಸ್ವಲ್ಪ ದೂರ ಹೋದರೆ ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು. ಹೋಟೆಲಿಗೆ ನಾಳೆ ಎಷ್ಟು ಲೀಟರ್ ಹಾಲು ಬೇಕು? ಗೊನೆ ಯಾವತ್ತು ಕಡಿದರೆ ಮಾರುಕಟ್ಟೆ ಮುಟ್ಟೋವರೆಗೆ ಕೆಡಲ್ಲ? ಹಂಪಿ ಉತ್ಸವದ ರಾತ್ರಿ ಜನರನ್ನು ಹೊಸಪೇಟೆಗೆ ತಲುಪಿಸೋಕೆ ಎಷ್ಟು ಬಸ್ಸು ಬೇಕು? ಈ ಲೆಕ್ಕಗಳಿಗೆಲ್ಲ ಕಾಲೇಜಿನಲ್ಲಿ ಒಂದು ದೊಡ್ಡ ಹೆಸರಿದೆ: ಆಪರೇಷನ್ಸ್ ಮ್ಯಾನೇಜ್‌ಮೆಂಟ್.

ಇದು ಅಮೆರಿಕದಿಂದ ಇಳಿದು ಬಂದ ವಿದ್ಯೆ ಅಂದ್ಕೋಬೇಡಿ. ಕಮಲಾಪುರದ ಕೆರೆಯಿಂದಲೇ ವಿಜಯನಗರದ ಅರಮನೆ ಪ್ರದೇಶಕ್ಕೆ ನೀರು ಹೋಗ್ತಿತ್ತು. ಆ ಕಾಲದ ತುರ್ತಾ ಕಾಲುವೆ, ಬಸವಣ್ಣ ಕಾಲುವೆ ಇವತ್ತಿಗೂ ಗದ್ದೆಗೆ ನೀರುಣಿಸ್ತಿವೆ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಅಂತ ಸರದಿ ನಡೆಸ್ತಿದ್ದ ನೀರಗಂಟಿ ಯಾವ ಡಿಗ್ರಿ ಮಾಡಿದ್ದ? ತೂಬಿನ ಹತ್ತಿರ ನಿಂತು ಕಲಿತ.

ನಾನು ಎಂಜಿನಿಯರಿಂಗ್ ಓದಿದವನು. 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬಾತ ಪ್ರಕಟಿಸಿದ ಸೂತ್ರ ನಮಗೂ ಪಾಠವಾಗಿತ್ತು. ಒಂದು ಸಲಕ್ಕೆ ಎಷ್ಟು ಮಾಲು ತರಿಸಬೇಕು ಅನ್ನೋ ಲೆಕ್ಕ ಅದು. ಜಾಸ್ತಿ ತರಿಸಿದರೆ ಇಟ್ಟುಕೊಳ್ಳೋ ಖರ್ಚು, ಕಡಿಮೆ ತರಿಸಿದರೆ ಪದೇ ಪದೇ ತರಿಸೋ ಖರ್ಚು. ಎರಡೂ ಸೇರಿ ಎಲ್ಲಿ ಕನಿಷ್ಠವೋ ಅಲ್ಲಿ ಉತ್ತರ. ಬರೆದೆವು, ಮಾರ್ಕ್ಸ್ ಬಂತು. ನಾಲ್ಕು ವರ್ಷದಲ್ಲಿ ಒಂದು ಗೋದಾಮಿನ ಬಾಗಿಲನ್ನೂ ಯಾರೂ ತೋರಿಸಲಿಲ್ಲ. ಆ ಸೂತ್ರ ಮಾಲು ಕೆಡೋದಿಲ್ಲ ಅಂತ ನಂಬಿ ನಡೆಯುತ್ತೆ. ಬಾಳೆಹಣ್ಣು ಕೆಡುತ್ತೆ ಸ್ವಾಮಿ! ಇದನ್ನು ಬೋರ್ಡ್ ಕಲಿಸಲ್ಲ, ತೋಟ ಕಲಿಸುತ್ತೆ.

ಹಾಗಾದ್ರೆ ದಾರಿ ಇಲ್ವಾ? ಇದೆ. 1961ರ ಅಪ್ರೆಂಟಿಸ್ ಕಾಯ್ದೆ. 2014ರ ತಿದ್ದುಪಡಿ ಎಂಜಿನಿಯರಿಂಗ್ ಓದದ ಪದವೀಧರರಿಗೂ ಅದರ ಬಾಗಿಲು ತೆರೆಯಿತು. ಇವತ್ತಿನ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ, ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. ಇದು ಉಪಕಾರ ಅಲ್ಲ, ಕಾನೂನು.

ಮನಸ್ಸಿದ್ದರೆ ಏನಾಗುತ್ತೆ ಅನ್ನೋಕೆ ಬಿಡದಿ ನೋಡಿ. ಟೊಯೊಟಾ ಅಲ್ಲಿ 2007ರಲ್ಲಿ ತರಬೇತಿ ಶಾಲೆ ತೆರೆಯಿತು. ಹತ್ತನೇ ಕ್ಲಾಸ್ ಮುಗಿಸಿದ ಬಡ ಮಕ್ಕಳಿಗೆ ಮೂರು ವರ್ಷ ಅಲ್ಲೇ ವಾಸ, ಅಲ್ಲೇ ಕಲಿಕೆ. ಪಾಠದ ಜೊತೆಗೆ ಶಿಸ್ತು, ಸಮಯ, ಕೈಕೆಲಸ. ಕಾರಿನ ಕಾರ್ಖಾನೆ ಮಾಡಿದ್ದನ್ನು ಹಂಪಿಯ ಹೋಟೆಲುಗಳು ಒಟ್ಟಾಗಿ ಮಾಡೋಕೆ ಆಗಲ್ವಾ?

ನನ್ನ ಪ್ರಶ್ನೆ ಮೂರೇ. ಹೋಟೆಲು, ಕಾರ್ಖಾನೆ ನಡೆಸುವವರೇ, ನಿಮ್ಮಲ್ಲಿ ಈ ವರ್ಷ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ? ಪ್ರಾಂಶುಪಾಲರೇ, ನಿಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಗೋದಾಮು ನೋಡಿದ್ದಾರೆ? ಜಿಲ್ಲಾಡಳಿತವೇ, ಈ ಇಬ್ಬರನ್ನೂ ಒಂದು ಟೇಬಲ್ ಮುಂದೆ ಯಾವಾಗ ಕೂರಿಸ್ತೀರಿ?

ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಸಿಗುತ್ತೆ, ಹೆಚ್ಚೆಂದರೆ ಎರಡು ವರ್ಷ. ಮೂರನೇ ವರ್ಷ ಆ ಹುಡುಗ, ಆ ಹುಡುಗಿ ಏನು ಮಾಡಬೇಕು? ಬ್ಯಾಗ್ ಹಿಡಿದು ಬೆಂಗಳೂರು ಬಸ್ ಹತ್ತಬೇಕಾ? ಕೆಲಸ ಊರಲ್ಲೇ ಇದೆ. ಅದನ್ನು ನಡೆಸೋದು ಹೇಗೆ ಅಂತ ಊರಿನ ಮಕ್ಕಳಿಗೆ ಕಲಿಸಿ. ಅಷ್ಟೇ ಕೇಳ್ತಿರೋದು.