ರಕ್ತ ನಮ್ಮದು, ಅದರ ಲೆಕ್ಕ ಯಾರದು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಂಶವಾಹಿ ಎಂಬುದು ಪಂಡಿತರ ಮಾತು, ಅದರಿಂದ ನಮಗೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ತಾಯಿತಂದೆಯಿಂದ ಮಕ್ಕಳಿಗೆ ಮೈಬಣ್ಣ, ಎತ್ತರ, ಕೆಲವು ರೋಗಗಳೂ ಬರುವುದು ಇವುಗಳ ಮೂಲಕ. ಇಂದು ತುಸು ರಕ್ತ ಸಿಕ್ಕರೆ ಇವನ್ನು ಓದಬಹುದು. ವೈದ್ಯನು ಓದಿದರೆ ರೋಗಿಗೆ ಉಪಕಾರ. ಮಾಲೀಕನು ಓದಿದರೆ? ಅಮೆರಿಕದ ರೈಲ್ವೆ ಕಾರ್ಮಿಕರ ಸಂಗತಿ ಕೇಳಿ.

ಬರ್ಲಿಂಗ್‌ಟನ್ ನಾರ್ದರ್ನ್ ಸಾಂಟಾ ಫೆ ಅಲ್ಲಿನ ದೊಡ್ಡ ರೈಲ್ವೆ ಕಂಪೆನಿ. ಕೆಲಸ ಮಾಡಿ ಮಾಡಿ ಮಣಿಕಟ್ಟಿನ ನರ ಹಿಸುಕಿ ಕೈ ಜೋಮು ಹಿಡಿಯಿತೆಂದು ಅದರ ಕಾರ್ಮಿಕರು ದೂರು ಕೊಟ್ಟರು. ಕಂಪೆನಿ ಅವರನ್ನು ವೈದ್ಯ ಪರೀಕ್ಷೆಗೆ ಕಳಿಸಿ ರಕ್ತ ತೆಗೆಸಿತು. ಅದರಲ್ಲಿ ಹುಡುಕಿದ್ದು ಅಪರೂಪದ ಒಂದು ವಂಶದೋಷವನ್ನು. ಅದನ್ನು ಕಾರ್ಮಿಕರಿಗೆ ತಿಳಿಸಿರಲಿಲ್ಲ. ರಕ್ತ ಕೊಡಲೊಲ್ಲೆ ಎಂದವನಿಗೆ ಶಿಸ್ತಿನ ಕ್ರಮದ ಬೆದರಿಕೆ ಬಂತು. ದೋಷ ಸಿಕ್ಕಿದ್ದರೆ ಏನೆನ್ನಬಹುದಿತ್ತು? "ನೋವು ನಮ್ಮ ಕೆಲಸದಿಂದಲ್ಲ, ನಿನ್ನ ಹುಟ್ಟಿನಿಂದ" ಎನ್ನಬಹುದಿತ್ತು! ನಾವು ಎಚ್ಚರವಾಗಿರಬೇಕಾದ್ದು ಈ ಮಾತಿಗೇ.

ಕಾರ್ಮಿಕರು ಸುಮ್ಮನಿರಲಿಲ್ಲ. 2001ರ ಫೆಬ್ರವರಿಯಲ್ಲಿ ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗ ಮೊಕದ್ದಮೆ ಹೂಡಿತು. 2002ರಲ್ಲಿ ರಾಜಿಯಾಗಿ 36 ಮಂದಿಗೆ ಒಟ್ಟು 22 ಲಕ್ಷ ಡಾಲರುಗಳವರೆಗೆ ಕೊಡಲು ಕಂಪೆನಿ ಒಪ್ಪಿತು. 2008ರಲ್ಲಿ ಅಮೆರಿಕದ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿತು: ವಂಶವಾಹಿ ನೋಡಿ ಕೆಲಸ ಕೊಡುವುದು, ಕಿತ್ತುಹಾಕುವುದು, ಆರೋಗ್ಯ ವಿಮೆ ನಿರಾಕರಿಸುವುದು ಕೂಡದು. ಆದರೂ ಬಲೆಯಲ್ಲಿ ತೂತಿದೆ. 15ಕ್ಕಿಂತ ಕಡಿಮೆ ಆಳುಗಳಿರುವ ಮಾಲೀಕನಿಗೆ ಆ ಕಾನೂನು ತಾಗದು, ಜೀವವಿಮೆಗೂ ತಾಗದು.

ಇನ್ನು ನಮ್ಮ ಮನೆಯ ಮಾತು. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಹೃದಯರೋಗಿಯೊಬ್ಬರ ಪ್ರಕರಣ ಬಂತು. ಅದು ವಂಶಪಾರಂಪರ್ಯದ ರೋಗವೆಂದು ವಿಮಾ ಕಂಪೆನಿ ಹಣ ಕೊಟ್ಟಿರಲಿಲ್ಲ. ವಂಶರೋಗಗಳನ್ನೆಲ್ಲ ಹೀಗೆ ಸಾರಾಸಗಟಾಗಿ ಹೊರಗಿಡುವುದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧವೆಂದು ಕೋರ್ಟು ಹೇಳಿತು. ಆ ನೆಪದಲ್ಲಿ ಹಣ ನಿರಾಕರಿಸಬೇಡಿರೆಂದು ವಿಮಾ ನಿಯಂತ್ರಣ ಪ್ರಾಧಿಕಾರವೂ ಮಾರ್ಚಿನಲ್ಲಿ ಕಂಪೆನಿಗಳಿಗೆ ಸುತ್ತೋಲೆ ಕಳಿಸಿತು. ಆದರೆ ಕಾರ್ಮಿಕನ ವಂಶವಾಹಿಯನ್ನು ಮಾಲೀಕ ಕೆದಕಕೂಡದೆನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿ ಇನ್ನೂ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಏತಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯದೆ ರಕ್ತ ತೆಗೆಯಕೂಡದು. ಒಂದು ಕಾರಣಕ್ಕೆ ತೆಗೆದ ರಕ್ತವನ್ನು ಬೇರೊಂದಕ್ಕೆ ಬಳಸುವುದು ಅಪರಾಧವಾಗಬೇಕು. ಕೆಲಸ, ಕೂಲಿ, ಪರಿಹಾರ, ವಿಮೆ ಯಾವುದನ್ನೂ ವಂಶವಾಹಿ ನೋಡಿ ಅಳೆಯಕೂಡದು.

ಕಾನೂನು ಬರುವವರೆಗೆ ಕೈಕಟ್ಟಿ ಕೂರುವುದು ಬೇಡ. ಗಿರಣಿಯಲ್ಲಿ ರಕ್ತ ಪರೀಕ್ಷೆಯೆಂದರೆ ಯಾವ ಪರೀಕ್ಷೆಯೆಂದು ಸಂಘದ ಮೂಲಕ ಬರವಣಿಗೆಯಲ್ಲಿ ಕೇಳೋಣ. ಅಂಗಡಿಯ ಗೆಳೆಯರು ವಿಮಾಪತ್ರದಲ್ಲಿ ಯಾವ ರೋಗಗಳನ್ನು ಬಿಟ್ಟಿದ್ದಾರೆಂದು ಓದಿಸಿಕೊಳ್ಳಲಿ. ಅನ್ಯಾಯವಾದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವ ಪದ್ಧತಿ ಈ ದೇಶಕ್ಕೆ ಹೊಸದಲ್ಲ. ಅದರ ವಿರುದ್ಧ ಹೋರಾಡಿ ಬಂದವರು ನಾವು. ಅದು ಪ್ರಯೋಗಶಾಲೆಯ ಬಾಗಿಲಿನಿಂದ ಮತ್ತೆ ಒಳಬರಲು ಬಿಡಬಾರದು.