ಕೊಡಬೇಕೆ, ಬಿಡಬೇಕೆ? – ಎಲುಬಿಗೆ ಹರಡಿದ ಕ್ಯಾನ್ಸರ್ ಮತ್ತು ಕ್ಯಾಲ್ಸಿಯಂ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಶಾಲೆ-ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮೊಡನೆ ಇಂದು ಸ್ವಲ್ಪ ಕಷ್ಟದ ವಿಷಯವೊಂದನ್ನು ಮಾತನಾಡಬೇಕಾಗಿದೆ. ಕ್ಯಾನ್ಸರ್ ಎಂಬ ಪದವನ್ನು ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳದಂತೆ ಮೆಲ್ಲನೆ ಆಡುವುದು ರೂಢಿ. ಆದರೆ ಔಷಧಿ ಚೀಟಿಯನ್ನು ಓದುವ, ಗುಳಿಗೆ ಎಣಿಸಿ ಕೊಡುವ ಕೆಲಸ ಮಾತ್ರ ಮನೆಯಲ್ಲಿ ಓದು ಬಲ್ಲ ಮಕ್ಕಳ ಪಾಲಿಗೇ ಬರುತ್ತದೆ. ಆದ್ದರಿಂದ ಈ ಮಾತು ನಿಮ್ಮೊಡನೆ.

ಬನಹಟ್ಟಿಯಲ್ಲಿ ನನ್ನ ಬಂಧುಗಳದೊಂದು ನೇಕಾರ ಮನೆಯಿದೆ. ಆ ಮನೆಯ ಹಿರಿಯ ತಾಯಿಗೆ ಸ್ತನ ಕ್ಯಾನ್ಸರ್ ಆಗಿ, ಕೆಲವು ವರ್ಷಗಳ ನಂತರ ಅದು ಬೆನ್ನೆಲುಬಿಗೂ ಸೊಂಟಕ್ಕೂ ಹರಡಿತ್ತು. ಎಲುಬು ಟೊಳ್ಳಾಗಿದೆ ಎಂದು ಕೇಳಿದ ಬಂಧುಗಳೆಲ್ಲ ಕ್ಯಾಲ್ಸಿಯಂ ಗುಳಿಗೆಗಳನ್ನು ತಂದುಕೊಟ್ಟರು. ನಾನೂ ಒಂದು ಡಬ್ಬಿ ಕೊಂಡೊಯ್ದೆ. ವಿಜ್ಞಾನದ ಪದವೀಧರನಾದ ನನಗೂ ಬೇರೆ ಯೋಚನೆ ಹೊಳೆಯಲಿಲ್ಲ. ತಿಂಗಳೊಳಗೆ ಅವರಿಗೆ ತೀರದ ಬಾಯಾರಿಕೆ, ಮಲಬದ್ಧತೆ, ವಾಕರಿಕೆ ಶುರುವಾದವು. ಹಗಲೆಲ್ಲ ಮಂಪರು. ಒಂದು ಮುಂಜಾನೆ ಮೊಮ್ಮಗನ ಹೆಸರೇ ನೆನಪಾಗಲಿಲ್ಲ. ಬೇಸಿಗೆ, ವಯಸ್ಸು, ನೋವಿನ ಗುಳಿಗೆ ಎಂದು ನಾವು ಕಾರಣ ಹುಡುಕುತ್ತಲೇ ಕುಳಿತೆವು. ಕೊನೆಗೆ ರಕ್ತ ಪರೀಕ್ಷೆಯಾದಾಗ ಕ್ಯಾಲ್ಸಿಯಂ ಡೆಸಿಲೀಟರಿಗೆ 13 ಮಿಲಿಗ್ರಾಂ ಮೀರಿತ್ತು. ವೈದ್ಯರು ಗುಳಿಗೆಗಳನ್ನು ಅಂದೇ ನಿಲ್ಲಿಸಿದರು.

ವಿಚಿತ್ರವೆಂದರೆ, ಕೆಲವು ವಾರಗಳ ನಂತರ ಅದೇ ವೈದ್ಯರು ಅದೇ ಕ್ಯಾಲ್ಸಿಯಂ ಗುಳಿಗೆಯನ್ನು ತಾವೇ ಬರೆದುಕೊಟ್ಟರು. ಮನೆಯವರಿಗೆ ಗೊಂದಲವಾಯಿತು. ಆಗ ಬೇಡವಾದದ್ದು ಈಗ ಏಕೆ ಬೇಕು? ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಭಾಷಣದ ಉದ್ದೇಶ.

ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸುಣ್ಣಕಲ್ಲನ್ನು ನೀವು ನೋಡಿದ್ದೀರಿ. ಆ ಕಲ್ಲಿನಲ್ಲಿ ಇಂಗಾಲದೊಡನೆ ಸೇರಿರುವ ಕ್ಯಾಲ್ಸಿಯಂ ನಮ್ಮ ಎಲುಬಿನಲ್ಲಿ ರಂಜಕದೊಡನೆ ಸೇರಿದೆ. ಆದರೆ ಕಲ್ಲು ಜಡ, ಎಲುಬು ಜೀವಂತ. ಎಲುಬನ್ನು ಕರಗಿಸುವ ಜೀವಕೋಶಗಳೂ ಹೊಸದಾಗಿ ಕಟ್ಟುವ ಜೀವಕೋಶಗಳೂ ಅದರಲ್ಲಿ ಹಗಲಿರುಳು ದುಡಿಯುತ್ತವೆ. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದ್ದು, ಅದರ ಶೇಕಡ 99 ಭಾಗ ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಅಲ್ಪ ಭಾಗದ ಮೇಲೆ ಹೃದಯದ ಬಡಿತ, ಸ್ನಾಯುಗಳ ಚಲನೆ, ನರಗಳ ಸಂದೇಶ ಎಲ್ಲವೂ ನಿಂತಿವೆ. ಹಾಗಾಗಿ ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಮಿತಿಯೊಳಗೇ ಇರಬೇಕು.

ನಮ್ಮ ಹಿಪ್ಪರಗಿ ಬ್ಯಾರೇಜನ್ನು ನೆನಪಿಸಿಕೊಳ್ಳಿ. ಎಲುಬನ್ನು ಜಲಾಶಯವೆಂದೂ, ರಕ್ತವನ್ನು ಕಾಲುವೆಯೆಂದೂ ಭಾವಿಸೋಣ. ಕಾಲುವೆಯಲ್ಲಿ ನೀರು ತಗ್ಗಿದರೆ ಗೇಟು ತೆರೆಯಬೇಕು, ಹೆಚ್ಚಾದರೆ ಮುಚ್ಚಬೇಕು. ದೇಹದಲ್ಲಿ ಈ ಗೇಟಿನ ಕಾವಲುಗಾರರು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕೇ ನಾಲ್ಕು, ಗಾತ್ರದಲ್ಲಿ ತೊಗರಿಕಾಳಿನಷ್ಟು.

ಇನ್ನು ಕ್ಯಾನ್ಸರಿನ ಮಾತು. ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್ ಉಂಟು, ಅದು ಹದಿಹರೆಯದವರಲ್ಲೂ ಕಾಣಿಸಿಕೊಳ್ಳುವುದುಂಟು. ಆದರೆ ಹೆಚ್ಚಾಗಿ ಕಾಣುವುದು ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಮುಂತಾದೆಡೆ ಹುಟ್ಟಿ ಎಲುಬಿಗೆ ಹರಡಿದ ಕ್ಯಾನ್ಸರ್. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ ಒಂದು ವಿಚಾರ ಮಂಡಿಸಿದನು. ಕ್ಯಾನ್ಸರ್ ಕೋಶ ಬೀಜವಿದ್ದಂತೆ, ಅದು ಎಲ್ಲೆಡೆ ತೂರಿಹೋದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದೇ ಆ ವಿಚಾರ. ಎರೆ ಹೊಲ, ಮಸಾರಿ ಹೊಲದ ವ್ಯತ್ಯಾಸ ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಎಲುಬು ಈ ಬೀಜಕ್ಕೆ ಒಗ್ಗುವ ಮಣ್ಣು. ಅಲ್ಲಿ ನೆಲೆಸಿದ ಕ್ಯಾನ್ಸರ್ ಕೋಶ ತಾನು ಎಲುಬನ್ನು ತಿನ್ನುವುದಕ್ಕಿಂತ ಹೆಚ್ಚಾಗಿ, ಎಲುಬು ಕರಗಿಸುವ ಕೋಶಗಳನ್ನು ಕೆರಳಿಸುತ್ತದೆ. ಎಲುಬು ಕರಗಿದಾಗ ಬಿಡುಗಡೆಯಾಗುವ ಬೆಳವಣಿಗೆಯ ದ್ರವ್ಯಗಳೇ ಮತ್ತೆ ಕ್ಯಾನ್ಸರಿಗೆ ಗೊಬ್ಬರವಾಗುತ್ತವೆ.

ಅಂದರೆ ಜಲಾಶಯದ ಒಡ್ಡು ಒಡೆದಿದೆ. ಕ್ಯಾಲ್ಸಿಯಂ ರಕ್ತಕ್ಕೆ ನುಗ್ಗಿ ಕಾಲುವೆ ಉಕ್ಕುತ್ತಿದೆ. ಆ ತಾಯಿಗೆ ಆದದ್ದು ಇದೇ. ಆಗ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು. ಮೂತ್ರ ಹೆಚ್ಚಿ ದೇಹ ಒಣಗುತ್ತದೆ, ಮಂಪರು, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವ ಸ್ಥಿತಿಯೂ ಬರಬಹುದು. ಇದು ತುರ್ತು ಚಿಕಿತ್ಸೆಯ ಸ್ಥಿತಿ. ಆದರೆ ಸಕಾಲದಲ್ಲಿ ಗುರುತಿಸಿದರೆ, ರಕ್ತನಾಳದ ಮೂಲಕ ಲವಣದ್ರಾವಣ ಹಾಗೂ ಎಲುಬು ಕರಗುವುದನ್ನು ತಡೆಯುವ ಔಷಧ ಕೊಟ್ಟು ಇಳಿಸಲು ಸಾಧ್ಯ. ಆ ತಾಯಿ ನಾಲ್ಕೈದು ದಿನಗಳಲ್ಲಿ ಮೊಮ್ಮಗನನ್ನು ಹೆಸರು ಹಿಡಿದು ಕರೆದರು.

ಹಾಗಾದರೆ ನಾವು ಕೊಟ್ಟ ಗುಳಿಗೆಯೇ ಕಾರಣವೇ? ಮುಖ್ಯ ಕಾರಣ ಕರಗುತ್ತಿದ್ದ ಎಲುಬು. ಆದರೆ ಉಕ್ಕುವ ಕಾಲುವೆಗೆ ನಾವೂ ಕೊಡಗಟ್ಟಲೆ ನೀರು ಸುರಿಯುತ್ತಿದ್ದೆವು. ಒಡ್ಡಿನ ದುರಸ್ತಿ ನೀರು ಸುರಿಯುವುದರಿಂದ ಆಗುವುದಿಲ್ಲ.

ಈಗ ಒಗಟಿನ ಎರಡನೆಯ ಭಾಗ. ಎಲುಬು ಕರಗುವುದನ್ನು ತಡೆಯಲು ಜೋಲೆಡ್ರೋನಿಕ್ ಆಮ್ಲ, ಡೆನೊಸುಮಾಬ್ ಮುಂತಾದ ಔಷಧಗಳನ್ನು ಕೆಲವು ವಾರಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಡುತ್ತಾರೆ. ಇವು ಜಲಾಶಯದ ಗೇಟನ್ನು ಬಿಗಿಯಾಗಿ ಮುಚ್ಚುತ್ತವೆ. ಒಳ್ಳೆಯದೇ. ಆದರೆ ಈಗ ಕಾಲುವೆ ಬತ್ತುವ ಅಪಾಯ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಡುವುದು, ಕೈಕಾಲು ಸೆಟೆಯುವುದು ಇದರ ಲಕ್ಷಣ. ಆದ್ದರಿಂದ ರಕ್ತದ ಮಟ್ಟ ಇಳಿದ ಮೇಲೆ, ಈ ಔಷಧ ಪಡೆಯುವವರಿಗೆ ಸಾಮಾನ್ಯವಾಗಿ ದಿನಕ್ಕೆ 500 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ, 400 ಯೂನಿಟ್‌ನಷ್ಟು ಡಿ ಜೀವಸತ್ವ ಬರೆಯುತ್ತಾರೆ. ಹಗಲೆಲ್ಲ ಮಗ್ಗದ ಮನೆಯೊಳಗೇ ಇರುವವರಿಗೆ ಬಿಸಿಲು ಕಡಿಮೆ, ಬಿಸಿಲಿನಿಂದ ದೊರೆಯುವ ಡಿ ಜೀವಸತ್ವವೂ ಕಡಿಮೆ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಲಾರದು. ವೈದ್ಯರ ಎರಡು ಮಾತುಗಳಲ್ಲಿ ವಿರೋಧವಿರಲಿಲ್ಲ. ರಕ್ತದ ಮಟ್ಟ ಬದಲಾಗಿತ್ತು, ಸಲಹೆಯೂ ಬದಲಾಯಿತು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದ ರೊಟ್ಟಿಯಲ್ಲಿ ಅದು ಕಡಿಮೆ, ನೂರು ಗ್ರಾಂ ಹಿಟ್ಟಿಗೆ 30 ಮಿಲಿಗ್ರಾಂ ಕೂಡ ಇಲ್ಲ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದೆ. ಹತ್ತು ಗ್ರಾಂ ಎಳ್ಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ, ಆದರೆ ಹಾಲಿನದರಷ್ಟು ಸುಲಭವಾಗಿ ಅದು ದೇಹಕ್ಕೆ ದಕ್ಕುವುದಿಲ್ಲ. ಕ್ಯಾನ್ಸರ್ ಇದೆಯೆಂದು ಹಾಲು, ಮೊಸರು, ಮಜ್ಜಿಗೆಯನ್ನು ಮನೆಯವರೇ ನಿಲ್ಲಿಸಬಾರದು. ಎಲುಬು ಕರಗಿ ಮಟ್ಟ ಏರಿದಾಗ ತಪ್ಪು ಹಾಲಿನದಲ್ಲ, ಮೊದಲೇ ಸೊರಗಿದ ಜೀವಕ್ಕೆ ಆಹಾರ ಬೇಕು. ಆದರೆ ಎಲೆಗೆ ಹಚ್ಚುವ ಸುಣ್ಣವನ್ನು ಮೊಸರಿನಲ್ಲಿ ಕಲಸಿ ಕೊಡುವ ಪದ್ಧತಿ ಬೇಡ. ಅದಕ್ಕೆ ಅಳತೆಯಿಲ್ಲ, ಬಾಯಿ ಮತ್ತು ಅನ್ನನಾಳವನ್ನು ಸುಡುವ ಗುಣವೂ ಅದಕ್ಕಿದೆ.

ಇನ್ನೊಂದು ಮಾತು. ಮೇಲೆ ಹೇಳಿದ ಚುಚ್ಚುಮದ್ದು ಪಡೆಯುವವರಲ್ಲಿ ಕೆಲವರಿಗೆ ಹಲ್ಲು ಕೀಳಿಸಿದ ಮೇಲೆ ದವಡೆಯ ಎಲುಬು ಮಾಯದೆ ಉಳಿಯುವುದುಂಟು. ಆದುದರಿಂದ ಚಿಕಿತ್ಸೆಗೆ ಮುಂಚೆಯೇ ಹಲ್ಲುಗಳ ಪರೀಕ್ಷೆ ಆಗಬೇಕು.

ಮಿತ್ರರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇಂಥ ಹಿರಿಯರಿದ್ದರೆ ಒಂದು ನೋಟ್‌ಬುಕ್ ಇಡಿ. ಎಲ್ಲ ಗುಳಿಗೆಗಳ ಹೆಸರು, ಅಂಗಡಿಯಿಂದ ತಾವಾಗಿ ತಂದವುಗಳನ್ನೂ ಸೇರಿಸಿ ಬರೆಯಿರಿ. ರಕ್ತದ ಕ್ಯಾಲ್ಸಿಯಂ ಎಷ್ಟೆಂದು ಪ್ರತಿ ಪರೀಕ್ಷೆಯ ದಿನಾಂಕದೊಡನೆ ಗುರುತು ಮಾಡಿ. ಬಾಯಾರಿಕೆ, ಮಲಬದ್ಧತೆ, ಮಂಪರು ಒಟ್ಟಿಗೆ ಕಂಡರೆ, ಇಲ್ಲವೆ ತುಟಿ-ಬೆರಳು ಜುಮುಗುಟ್ಟಿದರೆ, ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಲು ದೊಡ್ಡವರಿಗೆ ಹೇಳಿ. ರಕ್ತ ಪರೀಕ್ಷೆಗಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಹೋಗಬೇಕಾಗಿಲ್ಲ, ಇದು ಹತ್ತಿರದ ಊರಲ್ಲೇ ಆಗುವ ಸಾಮಾನ್ಯ ಪರೀಕ್ಷೆ.

ಪ್ರೀತಿಯಿಂದ ಕೊಂಡೊಯ್ದ ನನ್ನ ಆ ಡಬ್ಬಿಯನ್ನು ನಾನು ಮರೆತಿಲ್ಲ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ರಕ್ತದಲ್ಲಿ ಈಗ ಎಷ್ಟಿದೆ? ನೀವು ಆ ಪ್ರಶ್ನೆಯನ್ನು ಕೇಳುವವರಾಗಿ.