ಬೆಂಕಿ ಎಬ್ಬಿಸಿದ ಚಪ್ಪಡಿ

ಹೊಸ ತಿಪ್ಪಸಂದ್ರದಲ್ಲಿ ಮೋರಿಗೆ ಹಾಸಿದ ಕಲ್ಲುಚಪ್ಪಡಿಯನ್ನು ತುಳಿದೇ ನಾವು ಅಂಗಡಿಗೆ ಹೋಗುತ್ತೇವೆ. ಯಂತ್ರವಿಲ್ಲದ ಕಾಲದಲ್ಲಿ ಇಂಥ ಚಪ್ಪಡಿಯನ್ನು ಬಂಡೆಯಿಂದ ಎಬ್ಬಿಸುತ್ತಿದ್ದುದು ಹೇಗೆ?

ಉಳಿ ಸುತ್ತಿಗೆಗಳಿಗಿಂತ ಮೊದಲು ಬೆಂಕಿ. ಬಂಡೆಯ ಮೇಲೆ ಏಳಡಿಯ ಕಿರಿದಾದ ಸಾಲಿನಲ್ಲಿ ಒಣ ಸೌದೆ ಹೊತ್ತಿಸಿ, ಆ ಸಾಲನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಿದ್ದರು. ಮೇಲ್ಪದರ ಕಾದು ಹಿಗ್ಗುತ್ತದೆ; ಶಾಖವು ಬೇಗನೆ ಕೆಳಗಿಳಿಯದ ಕಾರಣ ಅಡಿಯ ಕಲ್ಲು ತಣ್ಣಗೇ ಇರುತ್ತದೆ; ನಡುವೆ ಬಿರುಕು ಹರಿಯುತ್ತದೆ. ಆ ಬಿರುಕು ಕಣ್ಣಿಗೆ ಕಾಣದು. ಸುತ್ತಿಗೆಯಿಂದ ತಟ್ಟಿ, ದನಿ ಬದಲಾಯಿತೆಂದು ಕಿವಿಯಿಂದ ತಿಳಿದ ಮೇಲೆಯೇ ಬೆಂಕಿಯನ್ನು ಮುಂದೊತ್ತಬೇಕು. ಉಳಿಯ ಚಾತುರ್ಯಕ್ಕಿಂತ ಈ ಕಿವಿಯೇ ಹೆಚ್ಚಿನದೆಂದು ನನ್ನ ಎಣಿಕೆ.

1911ರ ಬ್ರಿಟಾನಿಕ ವಿಶ್ವಕೋಶವು ಬೆಂಗಳೂರಿನಲ್ಲಿ ನಡೆದ ಇಂಥ ಒಂದು ಕೆಲಸದ ಲೆಕ್ಕವನ್ನು ಕೊಡುತ್ತದೆ: 8 ಗಂಟೆಯ ಬೆಂಕಿ, 740 ಚದರಡಿಯ ಒಂದೇ ಹಾಸು, ಸರಾಸರಿ ದಪ್ಪ 5 ಅಂಗುಲ. ಒಂದು ಪೌಂಡು ಸೌದೆಗೆ 30 ಪೌಂಡು ಕಲ್ಲು! ಬಳಿಕ ಅದನ್ನು ಉಳಿಯಿಂದ ಪಟ್ಟಿಪಟ್ಟಿಯಾಗಿ ಸೀಳುವುದು ಸುಲಭ.

ಈಗ ಗಣಿಗಳಲ್ಲಿ ವಜ್ರದ ಮಣಿಗಳನ್ನು ಪೋಣಿಸಿದ ತಂತಿ ಬಂಡೆಯನ್ನು ಕೊಯ್ಯುತ್ತದೆ. ತಟ್ಟಿ ಕೇಳುವವರು ಅದಕ್ಕೆ ಬೇಕಿಲ್ಲ. ಸೌದೆಯ ತೂಕವನ್ನು ಕೂಡ ಬರೆದಿಟ್ಟ ಆ ವಿಶ್ವಕೋಶದಲ್ಲಿ, ಬೆಂಕಿಯ ಸಾಲಿನ ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದ ಕಲ್ಲುಕುಟಿಗನ ಹೆಸರಿಲ್ಲ.